ಸಿಡ್ನಿಯ ಪಶ್ಚಿಮಕ್ಕೆ ಬೇರೆ ನಿಯಮ

ಆಸ್ಟ್ರೇಲಿಯಾದಲ್ಲಿ ಕೋವಿಡ್ ವಿಷಯ ಎತ್ತಿದರೆ ಇವತ್ತಿಗೂ ಜನ ಎರಡು ಪಾಲಾಗುತ್ತಾರೆ. ಲಾಕ್‌ಡೌನ್ ಮಾಡದಿದ್ದರೆ ನಾವ್ಯಾರೂ ಉಳೀತಿರಲಿಲ್ಲ ಅನ್ನುವವರು ಒಂದು ಕಡೆ. ದೇಶವನ್ನೇ ಜೈಲು ಮಾಡಿಬಿಟ್ಟರು ಅನ್ನುವವರು ಇನ್ನೊಂದು ಕಡೆ. ಈಚೆಗೆ ಸ್ನೇಹಿತರೊಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಎಲ್ಲ ಕನ್ನಡದವರೇ. ಮಾತು ಅಲ್ಲಿ ಇಲ್ಲಿ ಸುತ್ತಿ 2021ಕ್ಕೆ ಬಂತು. ಸಿಡ್ನಿಯ ಉತ್ತರ ಭಾಗದಲ್ಲಿ ಮನೆ ಮಾಡಿಕೊಂಡಿರುವ ಒಬ್ಬರು, "ನಿಜ ಹೇಳ್ಬೇಕಂದ್ರೆ ಆ ದಿನಗಳು ಚೆನ್ನಾಗೇ ಇದ್ವು. ಆಫೀಸಿಗೆ ಓಡೋದು ಇರ್ಲಿಲ್ಲ. ಸಂಜೆ ಮಕ್ಕಳನ್ನ ಕರ್ಕೊಂಡು ಸಮುದ್ರದ ಕಡೆ ನಡೆದು ಬರ್ತಿದ್ವಿ" ಅಂದರು. ಅದರಲ್ಲಿ ಸುಳ್ಳೇನೂ ಇಲ್ಲ. ಅವರ ಎದುರಿಗೆ ಕೂತಿದ್ದವರು ಆಗ ಪಶ್ಚಿಮ ಸಿಡ್ನಿಯ ಬ್ಲ್ಯಾಕ್‌ಟೌನ್ ಕಡೆಯ ಗೋದಾಮೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದವರು. ಅನ್ನ ಕಲಸುತ್ತಾ, "ನಮ್ಮ ಕಡೆ ಪೊಲೀಸ್ ಹೆಲಿಕಾಪ್ಟರ್ ಬರ್ತಿತ್ತು" ಅಂತ ಒಂದು ಮಾತು ಹೇಳಿದರು. ಯಾರೂ ಅದನ್ನು ಮುಂದುವರಿಸಲಿಲ್ಲ. ಯಾರೋ ಸಾರು ಬೇಕಾ ಅಂತ ಕೇಳಿದರು.

ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಒಂದೇ ಊರು, ಒಂದೇ ವರ್ಷ, ಒಂದೇ ಕಾಯಿಲೆ. ಇಬ್ಬರ ನೆನಪು ಮಾತ್ರ ಎಲ್ಲೂ ಒಂದನ್ನೊಂದು ಮುಟ್ಟುವುದಿಲ್ಲ. ಲಾಕ್‌ಡೌನ್ ಸರಿಯೋ ತಪ್ಪೋ ಅಂತ ಐದಾರು ವರ್ಷದಿಂದ ಜಗಳ ಆಡುತ್ತಿದ್ದೇವೆ. ಅದರ ಭಾರ ಯಾರ ಹೆಗಲಿಗೆ ಎಷ್ಟು ಬಿತ್ತು ಅಂತ ಕೇಳುವವರು ಕಡಿಮೆ.

ಗೆದ್ದ ವರ್ಷ

ಮೊದಲು ನನ್ನ ನಿಲುವು ಹೇಳಿಬಿಡುತ್ತೇನೆ. 2020ರಲ್ಲಿ ಲಾಕ್‌ಡೌನ್ ಬೇಕಿತ್ತು. 2021ರಲ್ಲಿ ಡೆಲ್ಟಾ ಬಂದಾಗಲೂ ಬೇಕಿತ್ತು. ಸುಮಾರು ಎರಡೂವರೆ ಕೋಟಿ ಜನರಿರುವ ಈ ದೇಶದಲ್ಲಿ 2021ರ ಕೊನೆಯವರೆಗೆ ಕೋವಿಡ್‌ನಿಂದ ಸತ್ತವರು ಸುಮಾರು 2,200 ಮಂದಿ. ಅದೇ ಹೊತ್ತಿಗೆ ಕರ್ನಾಟಕದ ಸರ್ಕಾರಿ ಲೆಕ್ಕವೇ 38 ಸಾವಿರ ದಾಟಿತ್ತು. ಊರಿನಲ್ಲಿ ಬಂಧುಗಳನ್ನು ಕಳೆದುಕೊಂಡ ಯಾರಿಗೇ ಆದರೂ ಈ ಎರಡು ಅಂಕಿಗಳ ಅಂತರ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಲಸಿಕೆ ಬರುವವರೆಗೆ ಜನರನ್ನು ಕಾಪಾಡಿಕೊಂಡರೆ ಸಾಕು, ಆಮೇಲೆ ಬಾಗಿಲು ತೆರೆಯಬಹುದು ಅನ್ನುವುದು ಲೆಕ್ಕಾಚಾರವಾಗಿತ್ತು. ಅದು ಸರಿಯಾದ ಲೆಕ್ಕಾಚಾರವೇ.

ಜನರೂ ಅದನ್ನು ಒಪ್ಪಿದ್ದರು. ಪಶ್ಚಿಮ ಆಸ್ಟ್ರೇಲಿಯಾದ ಗಡಿಯನ್ನು ಬಿಗಿಯಾಗಿ ಮುಚ್ಚಿದ ಅಲ್ಲಿನ ಮುಖ್ಯಮಂತ್ರಿ ಮಾರ್ಕ್ ಮೆಕ್‌ಗೋವನ್ 2021ರ ಮಾರ್ಚ್ ಚುನಾವಣೆಯಲ್ಲಿ 59 ಸೀಟುಗಳಲ್ಲಿ 53 ಗೆದ್ದರು. ಮೆಲ್ಬರ್ನನ್ನು ಆರು ಸಲ, ಒಟ್ಟು 262 ದಿನ ಮುಚ್ಚಿದ ವಿಕ್ಟೋರಿಯಾ ರಾಜ್ಯದ ಮುಖ್ಯಮಂತ್ರಿ ಡೇನಿಯಲ್ ಆಂಡ್ರ್ಯೂಸ್ 2022ರ ನವೆಂಬರ್‌ನಲ್ಲಿ ಮತ್ತೆ ಸಲೀಸಾಗಿ ಗೆದ್ದು ಬಂದರು. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ, ರಾತ್ರಿ ಎಂಟರ ಮೇಲೆ ಹೊರಗೆ ಕಾಲಿಡುವಂತಿಲ್ಲ ಅಂತ ಹೇಳಿದ ಮನುಷ್ಯನಿಗೆ ಅದೇ ಜನ ವೋಟು ಹಾಕಿದರು. ಹಾಗಾಗಿ ಸರ್ಕಾರ ಜನರನ್ನು ಬಲವಂತವಾಗಿ ಕೂಡಿಹಾಕಿತು ಅನ್ನುವ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಬಹುಪಾಲು ಜನ ತಾವಾಗಿಯೇ ಒಪ್ಪಿಕೊಂಡು ಮನೆಯಲ್ಲಿ ಕೂತರು.

ಆದರೆ ಬಹುಪಾಲು ಜನ ಅಂದಾಗ ಉಳಿದವರು ಯಾರು ಅಂತಲೂ ನೋಡಬೇಕಲ್ವಾ? 2020ರ ಜುಲೈ 4, ಶನಿವಾರ. ಮೆಲ್ಬರ್ನಿನ ಫ್ಲೆಮಿಂಗ್ಟನ್ ಮತ್ತು ನಾರ್ತ್ ಮೆಲ್ಬರ್ನಿನಲ್ಲಿ ಒಂಬತ್ತು ಸರ್ಕಾರಿ ವಸತಿ ಗೋಪುರಗಳಿದ್ದವು. ಸುಮಾರು ಮೂರು ಸಾವಿರ ಜನ. ಪೂರ್ವ ಆಫ್ರಿಕಾದಿಂದ, ವಿಯೆಟ್ನಾಮಿನಿಂದ ಬಂದ ಕುಟುಂಬಗಳೇ ಜಾಸ್ತಿ. ಯುದ್ಧದಿಂದ ತಪ್ಪಿಸಿಕೊಂಡು ಬಂದವರು ಬಹಳ ಮಂದಿ. ಆ ದಿನ ಮಧ್ಯಾಹ್ನ ಟಿವಿಯಲ್ಲಿ ಘೋಷಣೆ ಆಯಿತು. ಅದು ಮುಗಿಯುವಷ್ಟರಲ್ಲಿ ಪೊಲೀಸರು ಕಟ್ಟಡಗಳನ್ನು ಸುತ್ತುವರಿದಿದ್ದರು. ಹಾಲು, ಔಷಧಿ ತಂದಿಟ್ಟುಕೊಳ್ಳಲೂ ಯಾರಿಗೂ ಸಮಯ ಸಿಗಲಿಲ್ಲ. ಎಂಟು ಕಟ್ಟಡಗಳಿಗೆ ಐದು ದಿನಕ್ಕೆ ಬಿಡುಗಡೆ ಸಿಕ್ಕಿತು. ಆಲ್ಫ್ರೆಡ್ ಸ್ಟ್ರೀಟಿನ ಒಂದು ಕಟ್ಟಡದವರು ಎರಡು ವಾರ ಒಳಗಿದ್ದರು. ಮೆಲ್ಬರ್ನಿನ ಉಳಿದ ಜನ ಆಗ ವಾಕಿಂಗ್ ಹೋಗುತ್ತಿದ್ದರು, ದಿನಸಿ ತರುತ್ತಿದ್ದರು. ಸರ್ಕಾರದ ಮೇಲಿನ ದೂರುಗಳನ್ನು ವಿಚಾರಿಸುವ ಆ ರಾಜ್ಯದ ಒಂಬುಡ್ಸ್‌ಮನ್ ಡೆಬೊರಾ ಗ್ಲಾಸ್ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. ಗೋಪುರಗಳಲ್ಲಿ ಸೋಂಕು ತಡೆಯಬೇಕಿದ್ದುದು ನಿಜ. ಆದರೆ ಅದೇ ಕ್ಷಣದಿಂದ ಬೀಗ ಹಾಕಬೇಕು ಅನ್ನುವುದಕ್ಕೆ ಆರೋಗ್ಯ ಸಲಹೆಯ ಆಧಾರ ಇರಲಿಲ್ಲ, ಆ ಜನರ ಮಾನವ ಹಕ್ಕಿನ ಉಲ್ಲಂಘನೆ ಆಗಿದೆ ಅಂತ ಅವರು ಹೇಳಿದರು. 2023ರಲ್ಲಿ ಸರ್ಕಾರ 50 ಲಕ್ಷ ಡಾಲರ್ ಕೊಟ್ಟು ಅಲ್ಲಿನ ನಿವಾಸಿಗಳು ಹಾಕಿದ್ದ ಕೇಸು ಮುಗಿಸಿಕೊಂಡಿತು.

ನಾನು ಆ ಸುದ್ದಿಯನ್ನು ಸಿಡ್ನಿಯಲ್ಲಿ ಕೂತು ಓದಿದೆ. ಆಗ ಅದು ಬೇರೆ ಊರಿನ, ಬೇರೆಯವರ ಕಥೆ ಅನ್ನಿಸಿತ್ತು.

ಫ್ರಿಜ್ಜಿನಲ್ಲಿ ಉಳಿದ ಲಸಿಕೆ

ಲಾಕ್‌ಡೌನ್ ಬಗ್ಗೆ ಇಷ್ಟು ಚರ್ಚೆ ಮಾಡುವ ನಾವು ಲಸಿಕೆ ಬಗ್ಗೆ ಅದರ ಕಾಲು ಭಾಗವೂ ಮಾತಾಡುವುದಿಲ್ಲ. 2021ರ ಲಾಕ್‌ಡೌನ್‌ಗಳು ಅಷ್ಟು ಉದ್ದ ಆಗಿದ್ದಕ್ಕೆ ಕಾರಣವೇ ಲಸಿಕೆ. ಫೆಬ್ರುವರಿ 21ರಂದು ಪ್ರಧಾನಿ ಸ್ಕಾಟ್ ಮಾರಿಸನ್ ಟಿವಿ ಮುಂದೆ ಮೊದಲ ಡೋಸ್ ಹಾಕಿಸಿಕೊಂಡರು. ಮಾರ್ಚ್ ಮುಗಿಯುವಷ್ಟರಲ್ಲಿ 40 ಲಕ್ಷ ಡೋಸ್ ಕೊಡುತ್ತೇವೆ ಅಂತ ಸರ್ಕಾರ ಹೇಳಿತ್ತು. ಕೊಟ್ಟದ್ದು ಏಳು ಲಕ್ಷಕ್ಕಿಂತ ಕಡಿಮೆ. ಇದೇನು ಓಟದ ಪಂದ್ಯ ಅಲ್ಲ, ಅವಸರ ಬೇಡ ಅಂತ ಮಾರಿಸನ್ ಮತ್ತೆ ಮತ್ತೆ ಹೇಳಿದರು. ಊರಲ್ಲೆಲ್ಲೂ ಸೋಂಕಿಲ್ಲ, ಕ್ರಿಕೆಟ್ ಮೈದಾನ ತುಂಬಿದೆ, ರೆಸ್ಟೋರೆಂಟ್ ತುಂಬಿದೆ. ಆಗ ಆ ಮಾತು ಯಾರಿಗೂ ತಪ್ಪಾಗಿ ಕೇಳಿಸಲಿಲ್ಲ. ಲಾಕ್‌ಡೌನ್‌ನಿಂದ ಗಳಿಸಿದ ಸಮಯವನ್ನು ಹಾಗೆ ಕೂತು ತಿಂದೆವು. ಆ ಸಾಲದ ಬಡ್ಡಿ ಕಟ್ಟಿದ್ದು ಜುಲೈನಿಂದ ಅಕ್ಟೋಬರ್‌ವರೆಗೆ.

ದೇಶ ನಂಬಿಕೊಂಡಿದ್ದ ಲಸಿಕೆಗಳು ಒಂದೊಂದಾಗಿ ಕೈಕೊಟ್ಟವು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ತಯಾರಿಸುತ್ತಿದ್ದ ಲಸಿಕೆ ಹಾಕಿಸಿಕೊಂಡವರಿಗೆ ಎಚ್‌ಐವಿ ಇಲ್ಲದಿದ್ದರೂ ಟೆಸ್ಟಿನಲ್ಲಿ ಇದೆ ಅಂತ ತೋರಿಸುತ್ತಿತ್ತು. 2020ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ಫೈಜರ್ ಮೊದಲು ಕೊಂಡಿದ್ದು ಬರೀ ಒಂದು ಕೋಟಿ ಡೋಸ್, ಅಂದರೆ 50 ಲಕ್ಷ ಜನರಿಗೆ. ಮಿಕ್ಕವರಿಗೆಲ್ಲ ಮೆಲ್ಬರ್ನಿನ ಬ್ರಾಡ್‌ಮೆಡೋಸ್‌ನಲ್ಲಿ ಸಿಎಸ್‌ಎಲ್ ಕಂಪನಿ ತಯಾರಿಸುವ ಆಸ್ಟ್ರಾಜೆನೆಕಾ ಅಂತ ಯೋಜನೆ. ಏಪ್ರಿಲ್ 8ರಂದು ಲಸಿಕೆ ಸಲಹಾ ಸಮಿತಿ 50 ವರ್ಷದ ಒಳಗಿನವರಿಗೆ ಫೈಜರ್ ಮೇಲು ಅಂದಿತು. ಜೂನ್ 17ಕ್ಕೆ ಆ ಗೆರೆ 60ಕ್ಕೆ ಹೋಯಿತು. ಕಾರಣ, ಲಕ್ಷಕ್ಕೆ ಎರಡು ಮೂರು ಜನರಲ್ಲಿ ಕಾಣಿಸಿಕೊಳ್ಳುವ ಅಪರೂಪದ ರಕ್ತ ಹೆಪ್ಪುಗಟ್ಟುವ ತೊಂದರೆ. ಜೂನ್ 28ರ ರಾತ್ರಿ ಪ್ರಧಾನಿ, 40ರ ಒಳಗಿನವರೂ ಬೇಕಾದರೆ ಡಾಕ್ಟರ ಹತ್ತಿರ ಮಾತಾಡಿ ಆಸ್ಟ್ರಾಜೆನೆಕಾ ಹಾಕಿಸಿಕೊಳ್ಳಬಹುದು ಅಂದರು. ಎರಡು ದಿನ ಕಳೆದು ಕ್ವೀನ್ಸ್‌ಲ್ಯಾಂಡಿನ ಆರೋಗ್ಯಾಧಿಕಾರಿ ಜೆನೆಟ್ ಯಂಗ್, 18ರ ಹುಡುಗರಿಗೆ ಅದು ಬೇಡವೇ ಬೇಡ ಅಂತ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಜನ ಯಾರ ಮಾತು ಕೇಳಬೇಕು?

ಸಲಹಾ ಸಮಿತಿಯನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಅವರ ಲೆಕ್ಕ ಊರಲ್ಲಿ ಸೋಂಕೇ ಇಲ್ಲದ ದಿನದ ಲೆಕ್ಕ. ಕಾಯಿಲೆಯ ಅಪಾಯ ಸೊನ್ನೆ ಇದ್ದಾಗ ಲಸಿಕೆಯ ಸಣ್ಣ ಅಪಾಯವೂ ದೊಡ್ಡದಾಗೇ ಕಾಣುತ್ತದೆ. ಸಿಡ್ನಿಯಲ್ಲಿ ಡೆಲ್ಟಾ ಹರಡಿದ ಮೇಲೆ, ಜುಲೈ 24ಕ್ಕೆ, ಅದೇ ಸಮಿತಿ ಸಿಡ್ನಿಯ ಎಲ್ಲ ವಯಸ್ಕರೂ ಯಾವ ಲಸಿಕೆ ಸಿಗುತ್ತದೋ ಅದನ್ನು ಹಾಕಿಸಿಕೊಳ್ಳಿ ಅಂದಿತು. ಅಷ್ಟರಲ್ಲಿ ಆಸ್ಟ್ರಾಜೆನೆಕಾ ಹೆಸರು ಕೆಟ್ಟು ಹೋಗಿತ್ತು.

ನನಗೆ ಆಗ ಮೂವತ್ತರ ಮೇಲೆ, ನಲವತ್ತರ ಒಳಗೆ. ಫೈಜರ್ ಸರದಿ ಇನ್ನೂ ಬಂದಿರಲಿಲ್ಲ. ಪಶ್ಚಿಮ ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲಿ ನಾವು ಹೋಗುವ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ನಾಳೆಯೇ ಬನ್ನಿ ಅಂದರು. ಹೋದರೆ ಕಾಯುವ ಕೋಣೆಯಲ್ಲಿ ಕುರ್ಚಿಗಳು ಖಾಲಿ. ರಿಸೆಪ್ಶನ್‌ನಲ್ಲಿದ್ದ ಹುಡುಗಿ ಒಂದು ಪಟ್ಟಿ ಇಟ್ಟುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಳು. "ಇವತ್ತು ನಾಲ್ಕು ಗಂಟೆಗೆ ಬರೋಕಾಗುತ್ತಾ?" ಆ ಕಡೆಯಿಂದ ಇಲ್ಲ ಅಂದರು ಅಂತ ಕಾಣುತ್ತೆ, ಹೆಸರಿನ ಮೇಲೆ ಗೀಟು ಎಳೆದಳು. ಇನ್ನೊಂದು ನಂಬರ್ ಒತ್ತಿದಳು. ಡಾಕ್ಟರು ಒಳಗೆ ಕರೆದು ವಿವರಿಸಿದರು. ಒಂದು ಶೀಶೆಯಲ್ಲಿ ಹತ್ತು ಡೋಸ್ ಇರುತ್ತದೆ. ಒಮ್ಮೆ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಹತ್ತು ಜನ ಒಟ್ಟಾಗುವವರೆಗೆ ಶೀಶೆ ತೆರೆಯುವುದಿಲ್ಲ. ಅಪಾಯದ ಬಗ್ಗೆ ನಿಧಾನವಾಗಿ ಹೇಳಿದರು. ಬಿಡದ ತಲೆನೋವು ಬಂದರೆ, ಕಾಲು ಊದಿದರೆ ತಡ ಮಾಡಬೇಡಿ, ನೇರ ಆಸ್ಪತ್ರೆಗೆ ಹೋಗಿ ಅಂದರು. ಆಮೇಲೆ ಸಣ್ಣ ಫ್ರಿಜ್ಜಿನ ಬಾಗಿಲು ತೆರೆದರು. ಒಳಗೆ ಡಬ್ಬಿಗಳು ಮೇಲಿಂದ ಕೆಳಗಿನವರೆಗೆ ಹಾಗೇ ಕೂತಿದ್ದವು.

ಆ ಡಬ್ಬಿಗಳನ್ನು ನೋಡಿ ನನಗೆ ಮೈಸೂರಿನ ಮೇ ತಿಂಗಳು ನೆನಪಾಯಿತು. ಅಮ್ಮ ಎರಡನೇ ಡೋಸಿಗೆ ಅಂತ ಬೆಳಗ್ಗೆ ಆರಕ್ಕೇ ಎದ್ದು ಲಸಿಕಾ ಕೇಂದ್ರಕ್ಕೆ ಹೋಗಿದ್ದಳು. ಟೋಕನ್ ಮುಗಿದಿತ್ತು. ಮರುದಿನ ಹೋದರೆ ಸ್ಟಾಕೇ ಬಂದಿರಲಿಲ್ಲ. ಕರ್ನಾಟಕದಲ್ಲಿ ಆಗ 18ರಿಂದ 44ರವರಿಗೆ ಲಸಿಕೆ ಕೊಡುವುದನ್ನೇ ನಿಲ್ಲಿಸಿದ್ದರು. ಇರುವುದು ಎರಡನೇ ಡೋಸಿಗೇ ಸಾಲದು ಅಂತ. ಅಮ್ಮ ಹುಡುಕಿಕೊಂಡು ಅಲೆಯುತ್ತಿದ್ದ ಕೋವಿಶೀಲ್ಡ್ ಬೇರೆ ಏನೂ ಅಲ್ಲ, ಪುಣೆಯಲ್ಲಿ ತಯಾರಾದ ಇದೇ ಆಸ್ಟ್ರಾಜೆನೆಕಾ. ಅವತ್ತು ರಾತ್ರಿ ಫೋನಿನಲ್ಲಿ ನಾನೂ ಹಾಕಿಸಿಕೊಂಡೆ ಅಂದೆ. ಅಲ್ಲಿ ಬೇಡ ಅಂತಾರಂತೆ ಹೌದಾ ಅಂತ ಕೇಳಿದಳು. "ನಾನು ಹಾಕಿಸ್ಕೊಂಡಿದ್ದೂ ಅದೇ ಅಲ್ವಾ?" ಅಂದಳು. ಅವಳ ದನಿಯಲ್ಲಿ ಭಯ ಇತ್ತು. ಒಂದು ದೇಶದ ತಜ್ಞರ ಮಾತು ಇನ್ನೊಂದು ದೇಶದ ಅಡುಗೆಮನೆಯಲ್ಲಿ ಹೇಗೆ ಕೇಳಿಸುತ್ತದೆ ಅಂತ ಇಲ್ಲಿ ಯಾರೂ ಯೋಚಿಸಿರಲಿಲ್ಲ.

ಮೇ 3

ಅದೇ ಮೇ ತಿಂಗಳು ಇನ್ನೊಂದು ಕಾರಣಕ್ಕೂ ಮರೆಯುವುದಿಲ್ಲ. 2020ರ ಮಾರ್ಚ್ 20ರಿಂದ ಈ ದೇಶದ ಗಡಿ ಮುಚ್ಚಿತ್ತು. ಸ್ವಲ್ಪ ದಿನದಲ್ಲೇ ಒಳಗಿದ್ದವರು ಹೊರಗೆ ಹೋಗಲೂ ಸರ್ಕಾರದ ಅನುಮತಿ ಬೇಕು ಅಂತ ಆಯಿತು. ನಮ್ಮ ಬೀದಿಯಲ್ಲೇ ಇರುವ ಸ್ನೇಹಿತನ ತಂದೆ ಹಾಸನದಲ್ಲಿ ತೀರಿಕೊಂಡರು. ಅನುಮತಿ ತೆಗೆದುಕೊಂಡು ಒಬ್ಬನೇ ಹೋದ. ವೈಕುಂಠ ಸಮಾರಾಧನೆ ಮುಗಿಸಿ ಹೊರಡಬೇಕು ಅನ್ನುವಷ್ಟರಲ್ಲಿ, 2021ರ ಏಪ್ರಿಲ್ 27ಕ್ಕೆ, ಭಾರತದಿಂದ ಬರುವ ವಿಮಾನಗಳನ್ನು ಆಸ್ಟ್ರೇಲಿಯಾ ನಿಲ್ಲಿಸಿತು. ಅದನ್ನು ಸಹಿಸಿಕೊಳ್ಳಬಹುದಿತ್ತು. ಭಾರತದಲ್ಲಿ ಎರಡನೇ ಅಲೆ ಹೇಗಿತ್ತು ಅಂತ ನಮಗೆಲ್ಲ ಗೊತ್ತು. ಕ್ವಾರಂಟೈನ್ ಕೋಣೆಗಳು ತುಂಬಿದ್ದವು, ಸ್ವಲ್ಪ ದಿನ ತಡೆಯಿರಿ ಅನ್ನುವುದರಲ್ಲಿ ಅರ್ಥ ಇತ್ತು.

ಆದರೆ ಮೇ 1ರ ನಡುರಾತ್ರಿ ಕಳೆದ ಮೇಲೆ ಇನ್ನೊಂದು ಪ್ರಕಟಣೆ ಬಂತು. ಹಿಂದಿನ 14 ದಿನದಲ್ಲಿ ಭಾರತದಲ್ಲಿದ್ದವರು ಯಾವ ದಾರಿಯಿಂದ ಆಸ್ಟ್ರೇಲಿಯಾಕ್ಕೆ ಬಂದರೂ ಐದು ವರ್ಷದವರೆಗೆ ಜೈಲು ಅಥವಾ 66,600 ಡಾಲರ್ ದಂಡ. ಇದು ನಾಗರಿಕರಿಗೂ ಅನ್ವಯ. ಮೇ 3ರಿಂದ ಜಾರಿ. ಸ್ನೇಹಿತನ ಹೆಂಡತಿ ಬೆಳಗ್ಗೆ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಫೋನ್ ನನ್ನ ಕೈಗೆ ಕೊಟ್ಟು, "ಇದು ನಿಜಾನಾ, ಓದಿ ಹೇಳಿ" ಅಂದಳು. ಓದಲು ಬಾರದವಳಲ್ಲ. ಓದಿದ್ದನ್ನು ನಂಬಲು ಆಗಿರಲಿಲ್ಲ. ಎರಡು ವರ್ಷದ ಹಿಂದೆ ಅವರಿಬ್ಬರೂ ಕೌನ್ಸಿಲ್ ಹಾಲಿನಲ್ಲಿ ಇಲ್ಲಿನ ಪೌರತ್ವದ ಪ್ರಮಾಣ ಮಾಡಿ, ಒಂದು ಸಣ್ಣ ಗಿಡ ಉಡುಗೊರೆ ಪಡೆದು, ಭಾರತದ ಪಾಸ್‌ಪೋರ್ಟ್ ಹಿಂದಿರುಗಿಸಿದ್ದರು. ಈಗ ಅವನು ಹಾಸನದಲ್ಲಿ ಕಾಗದದ ಪ್ರಕಾರ ವಿದೇಶಿ. ಇಲ್ಲಿಗೆ ಬಂದರೆ ಅಪರಾಧಿ. ಮಗು ಮಾತ್ರ ಏನೂ ಗೊತ್ತಿಲ್ಲದೆ ನಮ್ಮ ಮನೆಯ ಸ್ಟೀಲ್ ಡಬ್ಬಿಗಳನ್ನು ನೆಲದ ಮೇಲೆ ಜೋಡಿಸುತ್ತಾ ಕೂತಿತ್ತು.

ಆಗ ಸುಮಾರು 9,000 ಆಸ್ಟ್ರೇಲಿಯನ್ನರು ಭಾರತದಿಂದ ಮರಳಲು ಹೆಸರು ಬರೆಸಿದ್ದರು. ಅಮೆರಿಕ, ಬ್ರಿಟನ್‌ನಲ್ಲಿ ಸೋಂಕು ತುದಿ ಮುಟ್ಟಿದಾಗ ಅಲ್ಲಿಂದ ಬರುವವರಿಗೆ ಯಾರೂ ಜೈಲು ತೋರಿಸಿರಲಿಲ್ಲ. ಪ್ರಧಾನಿಯ ಕೈಗೆ ರಕ್ತ ಅಂಟಿದೆ ಅಂತ ಮಾಜಿ ಕ್ರಿಕೆಟಿಗ ಮೈಕೆಲ್ ಸ್ಲೇಟರ್ ಬಹಿರಂಗವಾಗಿ ಹೇಳಿದರು. ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿದ್ದ ಹಿರಿಯ ಆಸ್ಟ್ರೇಲಿಯನ್ ಒಬ್ಬರು ಫೆಡರಲ್ ಕೋರ್ಟಿಗೆ ಹೋದರು. ಮೇ 10ರಂದು ಕೋರ್ಟು ಆದೇಶ ಕಾನೂನುಬದ್ಧ ಅಂದಿತು. ಮೇ 15ಕ್ಕೆ ಮೊದಲ ವಿಮಾನ ಡಾರ್ವಿನ್‌ನಲ್ಲಿ ಇಳಿಯಿತು. 150 ಜನರಿಗೆ ಸೀಟಿತ್ತು. ಟೆಸ್ಟಿನಲ್ಲಿ ಪಾಸಿಟಿವ್ ಬಂತು, ಇಲ್ಲವೇ ಪಾಸಿಟಿವ್ ಇದ್ದವರ ಜೊತೆಗಿದ್ದರು ಅಂತ ಸುಮಾರು 70 ಜನರನ್ನು ಹತ್ತಿಸಿಕೊಳ್ಳಲಿಲ್ಲ. ನಿಜವಾಗಿ ಯಾರನ್ನೂ ಜೈಲಿಗೆ ಹಾಕಲಿಲ್ಲ, ಅದು ಬರೀ ಹೆದರಿಸುವುದಕ್ಕೆ ಅಂತ ಈಗ ಹೇಳುವವರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು, ಒಂದು ದಿನದೊಳಗೆ 24 ಜನ ಸತ್ತ ಸುದ್ದಿ ಬಂತು. ನಮ್ಮ ಜನ ಆ ಸುದ್ದಿಯನ್ನೂ ಜೈಲಿನ ನಿಯಮ ಜಾರಿಗೆ ಬಂದ ಸುದ್ದಿಯನ್ನೂ ಒಂದೇ ಬೆಳಗ್ಗೆ, ಒಂದೇ ಫೋನಿನಲ್ಲಿ ಓದಿದರು.

ಗೆರೆ ಎಳೆದಾಗ

ಸಿಡ್ನಿಯ ಡೆಲ್ಟಾ ಅಲೆ ಶುರುವಾಗಿದ್ದು ಸಮುದ್ರ ತೀರದ ಬೊಂಡೈನಲ್ಲಿ. ಜೂನ್ 16. ವಿದೇಶಿ ವಿಮಾನದ ಸಿಬ್ಬಂದಿಯನ್ನು ಕರೆದೊಯ್ಯುತ್ತಿದ್ದ ಡ್ರೈವರ್ ಒಬ್ಬರಿಗೆ ಸೋಂಕು ತಗಲಿತ್ತು. ಅವರು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಆ ಕೆಲಸಕ್ಕೆ ಲಸಿಕೆ ಕಡ್ಡಾಯವೂ ಇರಲಿಲ್ಲ. ಜನ ಅವರನ್ನು ಬೈದರು. ದಿನಾ ವಿಮಾನ ನಿಲ್ದಾಣಕ್ಕೆ ಹೋಗಿ ಬರುವವರಿಗೆ ನಾಲ್ಕು ತಿಂಗಳಾದರೂ ಲಸಿಕೆ ಕಡ್ಡಾಯ ಮಾಡದವರನ್ನು ಯಾಕೋ ಅಷ್ಟು ಬೈಯಲಿಲ್ಲ. ಸೋಂಕು ಪೂರ್ವದ ಶ್ರೀಮಂತ ಬಡಾವಣೆಗಳಲ್ಲಿ ಇದ್ದಷ್ಟು ದಿನ, ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಗ್ಲ್ಯಾಡಿಸ್ ಬೆರಿಜಿಕ್ಲಿಯನ್ ಸರ್ಕಾರ ಲಾಕ್‌ಡೌನ್‌ಗೆ ಹಿಂದೆಮುಂದೆ ನೋಡಿತು. ಜೂನ್ 26ಕ್ಕೆ ಇಡೀ ಗ್ರೇಟರ್ ಸಿಡ್ನಿ ಮುಚ್ಚಿತು. ಆಗಲೂ ನಿಯಮ ಮೃದುವಾಗೇ ಇತ್ತು.

ಆಮೇಲೆ ಸೋಂಕು ಪಶ್ಚಿಮಕ್ಕೆ ಬಂತು. ಫೇರ್‌ಫೀಲ್ಡ್, ಲಿವರ್‌ಪೂಲ್, ಕ್ಯಾಂಟರ್ಬರಿ-ಬ್ಯಾಂಕ್ಸ್‌ಟೌನ್, ನಮ್ಮ ಕಂಬರ್‌ಲ್ಯಾಂಡ್, ಬ್ಲ್ಯಾಕ್‌ಟೌನ್, ಪ್ಯಾರಮಟ್ಟ. ಮನೆಯಿಂದ ಮಾಡಲು ಆಗದ ಕೆಲಸ ಮಾಡುವವರು ಇರುವ ಜಾಗ. ಗೋದಾಮು, ಕಾರ್ಖಾನೆ, ವೃದ್ಧಾಶ್ರಮ, ಟ್ರಕ್ಕು, ಶುಚಿ ಕೆಲಸ. ಜುಲೈ 9ರಿಂದ ಹೆಚ್ಚುವರಿ ಪೊಲೀಸರು ಬಂದರು. ಫೇರ್‌ಫೀಲ್ಡ್‌ನಿಂದ ಹೊರಗೆ ಕೆಲಸಕ್ಕೆ ಹೋಗುವವರು ಮೂರು ದಿನಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು ಅಂತ ಆಯಿತು. ಮೊದಲ ರಾತ್ರಿ ಟೆಸ್ಟಿಂಗ್ ಕೇಂದ್ರದ ಮುಂದೆ ಕಾರುಗಳ ಸಾಲು ಗಂಟೆಗಟ್ಟಲೆ ನಿಂತಿತ್ತು. ಪಾಳಿ ಮುಗಿಸಿ ಬಂದವರು, ಪಾಳಿಗೆ ಹೋಗಬೇಕಾದವರು, ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಕ್ಕಳು. ಆಗಸ್ಟ್ ಮೊದಲ ವಾರ ಸೈನಿಕರು ಬಂದರು. ದಿನಸಿ ಹಂಚುವುದಕ್ಕೆ, ಜನ ಮನೆಯಲ್ಲಿದ್ದಾರಾ ಅಂತ ನೋಡುವುದಕ್ಕೆ. ಇರಾಕಿನಿಂದ, ಸಿರಿಯಾದಿಂದ ಓಡಿ ಬಂದವರ ಬಾಗಿಲಿಗೆ ಸಮವಸ್ತ್ರದವರು ಹೋದರೆ ಒಳಗಿದ್ದವರಿಗೆ ಏನನ್ನಿಸುತ್ತದೆ ಅಂತ ಕೇಳಬೇಕಿತ್ತು. ಆಗಸ್ಟ್ 23ರಿಂದ ಪಶ್ಚಿಮದ ಕಡೆಯ 12 ಕೌನ್ಸಿಲ್ (ನಮ್ಮ ನಗರಸಭೆ ಇದ್ದ ಹಾಗೆ) ಪ್ರದೇಶಗಳಿಗೆ ರಾತ್ರಿ 9ರಿಂದ ಬೆಳಗ್ಗೆ 5ರವರೆಗೆ ಕರ್ಫ್ಯೂ. ವ್ಯಾಯಾಮಕ್ಕೆ ದಿನಕ್ಕೆ ಒಂದು ಗಂಟೆ. ಗೆರೆಯ ಆ ಕಡೆ ಇದೆರಡೂ ಇಲ್ಲ.

ನಮ್ಮ ಪಕ್ಕದ ಮನೆಯಲ್ಲಿ ನೇಪಾಳದ ಒಬ್ಬ ಹೆಣ್ಣುಮಗಳು ಇದ್ದಳು. ವೃದ್ಧಾಶ್ರಮದಲ್ಲಿ ಕೆಲಸ. ಲಸಿಕೆಯ ಮೊದಲ ಸರದಿಯೇ ಅಂಥವರದ್ದು ಅಂತ ಫೆಬ್ರುವರಿಯಲ್ಲಿ ಹೇಳಿದ್ದರು. ಆಶ್ರಮಕ್ಕೆ ಬಂದ ತಂಡ ವಯಸ್ಸಾದವರಿಗೆ ಮಾತ್ರ ಹಾಕಿ ಹೋಯಿತು. ನೀವು ನೀವೇ ಎಲ್ಲಾದರೂ ಹಾಕಿಸಿಕೊಳ್ಳಿ ಅಂತ ಸಿಬ್ಬಂದಿಗೆ ಹೇಳಿದರು. ಅವಳಿಗೆ ಮೊದಲ ಡೋಸ್ ಸಿಕ್ಕಿದ್ದು ಜುಲೈನಲ್ಲಿ. ಕರ್ಫ್ಯೂ ಬಂದ ಮೇಲೆ ಅವಳು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಅಂಟಿಸಿಕೊಂಡಿದ್ದಳು. ಅದರಲ್ಲಿ ಪರ್ಮಿಟ್, ಕೆಲಸದ ಪತ್ರ, ಟೆಸ್ಟ್ ರಿಪೋರ್ಟ್. ರಾತ್ರಿ ಹನ್ನೊಂದಕ್ಕೆ ಪಾಳಿ ಮುಗಿಸಿ ಬರುವಾಗ ನಿಲ್ಲಿಸಿದರೆ ಬ್ಯಾಗಿಗೆ ಕೈ ಹಾಕಬಾರದು, ಕೈ ಎರಡೂ ಸ್ಟೀರಿಂಗ್ ಮೇಲೇ ಇರಬೇಕು, ಕಾಗದ ತಾನಾಗೇ ಕಾಣಬೇಕು ಅಂತ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಭಯ ಹೇಳಿಕೊಟ್ಟಿತ್ತು. ದಿನವಿಡೀ ಈ ದೇಶದ ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸಿ, ಊಟ ತಿನ್ನಿಸಿ ಬರುವವಳಿಗೆ ಮನೆಗೆ ಬರಲು ಇಷ್ಟೆಲ್ಲ ತಯಾರಿ.

ಸೆಪ್ಟೆಂಬರ್ ಹೊತ್ತಿಗೆ ಬಿಸಿಲು ಬಂತು. ಬೊಂಡೈ ಬೀಚಿನಲ್ಲಿ ಸಾವಿರಾರು ಜನ ಮೈಚಾಚಿ ಮಲಗಿದ್ದ ಫೋಟೋಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು. ಅಲ್ಲಿನವರು ನಿಯಮ ಮುರಿದಿರಲಿಲ್ಲ. ಅವರ ನಿಯಮವೇ ಹಾಗಿತ್ತು. ಪಶ್ಚಿಮದಲ್ಲಿ ಎರಡೂ ಡೋಸ್ ಆದವರು ಪಾರ್ಕಿನಲ್ಲಿ ಒಂದು ಗಂಟೆ ಕೂರಬಹುದು ಅನ್ನುವುದೇ ಆಗ ದೊಡ್ಡ ವಿನಾಯಿತಿ. ಸೋಂಕು ನಮ್ಮ ಕಡೆ ಜಾಸ್ತಿ ಇತ್ತು, ಹಾಗಾಗಿ ನಿಯಮವೂ ಬಿಗಿ ಇತ್ತು ಅಂತ ಬಹಳ ಜನ ಹೇಳುತ್ತಾರೆ. ಸಂಖ್ಯೆ ಜಾಸ್ತಿ ಇದ್ದದ್ದು ನಿಜ. ಆದರೆ ರಾಜ್ಯದ ಮುಖ್ಯ ಆರೋಗ್ಯಾಧಿಕಾರಿ ಕೆರಿ ಚಾಂಟ್ ಆಗಸ್ಟ್‌ನಲ್ಲೇ ಇಡೀ ಗ್ರೇಟರ್ ಸಿಡ್ನಿಗೆ ಒಂದೇ ರೀತಿಯ ನಿಯಮ ಇರಲಿ ಅಂತ ಇಮೇಲಿನಲ್ಲಿ ಬರೆದಿದ್ದರು. ಅದು ನಮಗೆ ಗೊತ್ತಾಗಿದ್ದು 2022ರಲ್ಲಿ. ವೈರಸ್ ತಡೆಯಲು ಬೇಕಾದ ಕಷ್ಟ ಬೇರೆ, ಅದರ ಮೇಲೆ ಹೇರಿದ ಕಷ್ಟ ಬೇರೆ. ಮೊದಲನೆಯದನ್ನು ನಾವು ಮನಸ್ಸಿನಿಂದ ಒಪ್ಪಿದ್ದೆವು.

ಲಸಿಕೆ ಸಿಕ್ಕ ಮೇಲೆ ಈ ಕಡೆಯ ಜನ ಏನು ಮಾಡಿದರು ಅಂತಲೂ ಹೇಳಬೇಕು. ಸಿಡ್ನಿ ಒಲಿಂಪಿಕ್ ಪಾರ್ಕಿನ ದೊಡ್ಡ ಅರೇನಾದಲ್ಲಿ ಆಗಸ್ಟ್‌ನಲ್ಲಿ ಹನ್ನೆರಡನೇ ತರಗತಿಯ ಮಕ್ಕಳಿಗೆ ಫೈಜರ್ ಕೊಟ್ಟರು. ಮಸೀದಿ, ಚರ್ಚು, ಗುರುದ್ವಾರದವರು ತಮ್ಮ ತಮ್ಮ ಭಾಷೆಯಲ್ಲಿ ಜನರನ್ನು ಕರೆದರು. ನಮ್ಮ ಕನ್ನಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಲ್ಲಿ ಸ್ಲಾಟ್ ಇದೆ ಅನ್ನುವ ಸಂದೇಶ ರಾತ್ರಿಯೆಲ್ಲ ಓಡಾಡುತ್ತಿತ್ತು. ಇವರು ಮಾತು ಕೇಳುವುದಿಲ್ಲ ಅಂತ ಟಿವಿಯಲ್ಲಿ ಹೇಳಿಸಿಕೊಂಡ ಬಡಾವಣೆಗಳೇ ಸ್ವಲ್ಪ ವಾರಗಳಲ್ಲಿ ಮೊದಲ ಡೋಸಿನ ಲೆಕ್ಕದಲ್ಲಿ ಮುಂದೆ ಬಂದವು. ಅಕ್ಟೋಬರ್ 11ಕ್ಕೆ ಲಾಕ್‌ಡೌನ್ ಮುಗಿಯಿತು. ವರ್ಷದ ಕೊನೆಗೆ ದೇಶದಲ್ಲಿ 16 ದಾಟಿದವರಲ್ಲಿ ಶೇಕಡ 90ಕ್ಕಿಂತ ಜಾಸ್ತಿ ಜನ ಎರಡೂ ಡೋಸ್ ಹಾಕಿಸಿಕೊಂಡಿದ್ದರು. ಇದೇ ವೇಗ ಏಪ್ರಿಲ್‌ನಲ್ಲಿ ಇದ್ದಿದ್ದರೆ!

ದೂರು ಯಾರ ಕೈಗೆ ಹೋಯಿತು

ಇದನ್ನೆಲ್ಲ ಈಗ ಯಾಕೆ ಕೆದಕಬೇಕು ಅಂತ ಕೇಳಬಹುದು. ನನ್ನ ಕಾರಣ ಹೇಳುತ್ತೇನೆ. ಲಾಕ್‌ಡೌನ್ ಬೇಕಿತ್ತು ಅಂತ ನಂಬುವ ನಾವು ಈ ಅನ್ಯಾಯದ ಬಗ್ಗೆ ಬಾಯಿ ಬಿಡಲಿಲ್ಲ. ಬಿಟ್ಟರೆ ಲಸಿಕೆ ವಿರೋಧಿಗಳ ಕೈ ಬಲವಾಗುತ್ತದೆ ಅನ್ನುವ ಹೆದರಿಕೆ. ಆದದ್ದೇ ಬೇರೆ. ನ್ಯಾಯವಾದ ದೂರು ಇದ್ದವರಿಗೆ ಕೇಳುವ ಕಿವಿ ಸಿಕ್ಕಿದ್ದು ಅವರ ಸಭೆಗಳಲ್ಲಿ ಮಾತ್ರ. ಜುಲೈ 24ರಂದು ಸಿಡ್ನಿಯಲ್ಲಿ ಲಾಕ್‌ಡೌನ್ ವಿರುದ್ಧ ಮೆರವಣಿಗೆ ನಡೆಯಿತು. ಸೆಪ್ಟೆಂಬರ್‌ನಲ್ಲಿ ಮೆಲ್ಬರ್ನಿನ ಕಟ್ಟಡ ಕಾರ್ಮಿಕರ ಸಂಘದ ಕಚೇರಿ ಮುಂದೆ ಗಲಾಟೆ ಆಯಿತು, ವೆಸ್ಟ್ ಗೇಟ್ ಸೇತುವೆ ಬಂದ್ ಆಯಿತು. ಅಲ್ಲಿದ್ದವರಲ್ಲಿ ವೈರಸ್ಸೇ ಸುಳ್ಳು ಅನ್ನುವವರೂ ಇದ್ದರು, ಕೆಲಸ ಕಳೆದುಕೊಂಡು ದಿಕ್ಕು ತೋಚದವರೂ ಇದ್ದರು. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದೆವು. ನಮ್ಮ ಪಕ್ಕದ ಮನೆಯವಳಂಥವರು ಯಾವ ಮೆರವಣಿಗೆಗೂ ಹೋಗಲಿಲ್ಲ. ಅವರಿಗೆ ಪಾಳಿ ಇತ್ತು. ಅವರ ಪರವಾಗಿ ಯಾರೂ ಮಾತಾಡಲಿಲ್ಲ.

ಸಾವಿನ ಲೆಕ್ಕದಲ್ಲೂ ಇದು ಕಾಣುತ್ತದೆ. ಆಸ್ಟ್ರೇಲಿಯಾದ ಅಂಕಿಅಂಶ ಇಲಾಖೆ 2022ರ ಆರಂಭದಲ್ಲಿ ಲೆಕ್ಕ ಕೊಟ್ಟಿತು. ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ ಮೇಲೂ, ಹೊರದೇಶದಲ್ಲಿ ಹುಟ್ಟಿದವರು ಕೋವಿಡ್‌ಗೆ ಬಲಿಯಾದ ಪ್ರಮಾಣ ಇಲ್ಲೇ ಹುಟ್ಟಿದವರ ಸುಮಾರು ಮೂರು ಪಟ್ಟು. ಬಿಗಿ ನಿಯಮವೂ ನಮಗೇ ಜಾಸ್ತಿ, ಸಾವೂ ನಮಗೇ ಜಾಸ್ತಿ.

ದಂಡದ ಕಥೆ ಕೇಳಿ. ನ್ಯೂ ಸೌತ್ ವೇಲ್ಸ್‌ನಲ್ಲಿ 62 ಸಾವಿರಕ್ಕೂ ಜಾಸ್ತಿ ಕೋವಿಡ್ ದಂಡ ಹಾಕಿದ್ದರು. ಪಶ್ಚಿಮ ಸಿಡ್ನಿಯಲ್ಲಿ, ಮೂಲನಿವಾಸಿಗಳ ಸಣ್ಣ ಊರುಗಳಲ್ಲಿ ಅದರ ಪೆಟ್ಟು ಜೋರು. 2022ರ ನವೆಂಬರ್‌ನಲ್ಲಿ, ಯಾವ ತಪ್ಪಿಗೆ ದಂಡ ಅಂತ ನೋಟಿಸಿನಲ್ಲಿ ಸರಿಯಾಗಿ ಬರೆದೇ ಇಲ್ಲ ಅಂತ ಕೋರ್ಟಿನಲ್ಲಿ ಸರ್ಕಾರ ಒಪ್ಪಿಕೊಂಡಿತು. ಒಂದೇ ಸಲ 33,121 ದಂಡಗಳು ರದ್ದಾದವು. ಕಟ್ಟಿದವರಿಗೆ ಹಣ ವಾಪಸ್ ಬಂತು. ಆ ಸಾವಿರ ಡಾಲರಿಗೆ ಅಂತ ಬಾಡಿಗೆ ತಡ ಮಾಡಿದವರು, ಕಾರು ಮಾರಿದವರು ಇದ್ದಾರೆ. ಅದಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ.

ಕೇಂದ್ರ ಸರ್ಕಾರ ಒಂದು ವಿಚಾರಣೆ ನಡೆಸಿತು. ಮೂವರು ಸದಸ್ಯರ ಸಮಿತಿ 2024ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ಜನರ ನಂಬಿಕೆ ಸವೆದಿದೆ, ಅವತ್ತು ಒಪ್ಪಿಕೊಂಡ ಎಷ್ಟೋ ಕ್ರಮಗಳನ್ನು ಜನ ಇನ್ನೊಮ್ಮೆ ಒಪ್ಪಲಿಕ್ಕಿಲ್ಲ ಅಂತ ಅದರಲ್ಲಿದೆ. ಮಕ್ಕಳ ಮಾಮೂಲಿ ಲಸಿಕೆ ಹಾಕಿಸುವವರೂ ಕಡಿಮೆಯಾಗುತ್ತಿದ್ದಾರೆ. ಇದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಹೆದರಿಸುತ್ತದೆ. ಮುಂದಿನ ಸಲ ಕಾಯಿಲೆ ಬಂದಾಗ, ಬಾಗಿಲು ಹಾಕಿಕೊಳ್ಳಿ ಅಂದರೆ ಫೇರ್‌ಫೀಲ್ಡ್‌ನವರು ಯಾಕೆ ಕೇಳಬೇಕು? ಹಾಸನದಲ್ಲಿ ಸಿಕ್ಕಿಕೊಂಡಿದ್ದ ನನ್ನ ಸ್ನೇಹಿತ ಯಾಕೆ ನಂಬಬೇಕು? ರಾಜ್ಯ ಸರ್ಕಾರಗಳು ತಾವೇ ತೆಗೆದುಕೊಂಡ ನಿರ್ಧಾರಗಳು ಆ ಸಮಿತಿಯ ವ್ಯಾಪ್ತಿಗೇ ಬರಲಿಲ್ಲ. ಅಂದರೆ ಕರ್ಫ್ಯೂ ಇಲ್ಲ, 12 ಕೌನ್ಸಿಲ್‌ಗಳ ಗೆರೆ ಇಲ್ಲ, ಗೋಪುರಗಳ ಬೀಗವೂ ಇಲ್ಲ.

ಹಾಗಾಗಿ ನಮ್ಮ ಕ್ಷೇತ್ರದ ರಾಜ್ಯ ಶಾಸಕರಿಗೆ ಒಂದು ಪತ್ರ ಬರೆದಿದ್ದೇನೆ. 2021ರ ಪಶ್ಚಿಮ ಸಿಡ್ನಿಯ ನಿಯಮಗಳ ಬಗ್ಗೆ ಬೇರೆಯೇ ವಿಚಾರಣೆ ಆಗಬೇಕು ಅಂತ ಕೇಳಿದ್ದೇನೆ. ಅದು ನಗರದ ಮಧ್ಯದ ಕಚೇರಿಯಲ್ಲಿ ನಡೆಯಬಾರದು. ಫೇರ್‌ಫೀಲ್ಡ್‌ನಲ್ಲಿ, ಬ್ಲ್ಯಾಕ್‌ಟೌನ್‌ನಲ್ಲಿ, ಪಾಳಿ ಮುಗಿದ ಮೇಲೆ ಜನ ಬರಲು ಆಗುವ ಹೊತ್ತಿನಲ್ಲಿ, ಅವರವರ ಭಾಷೆಯ ದುಭಾಷಿಗಳನ್ನು ಕೂರಿಸಿಕೊಂಡು ನಡೆಯಬೇಕು. ಆ 12 ಕೌನ್ಸಿಲ್‌ಗಳಲ್ಲಿ ಆಗ ಇದ್ದ ಕನ್ನಡಿಗರು ಇದನ್ನು ಓದುತ್ತಿದ್ದರೆ ನೀವೂ ನಿಮ್ಮ ಶಾಸಕರಿಗೆ ಬರೆಯಿರಿ. ನಿಮ್ಮ ಮನೆಯಲ್ಲಿ ಏನು ನಡೆಯಿತು ಅಂತ ಬರೆದರೆ ಸಾಕು. ಪತ್ರದ ಕರಡು ಬೇಕಾದವರು ಕೇಳಿ, ಕಳಿಸುತ್ತೇನೆ.